ಎನ್‌ಕೋಡ್ ಎಂಬ ಕ್ರಿಯಾಪದ: ಅರ್ಥ ಹಿಡಿಯುವ, ಬಳಸುವ, ಕನ್ನಡಕ್ಕೆ ತರುವ ಹೆಜ್ಜೆಗಳು

ಶಿವಮೊಗ್ಗದ ಡಿಟಿಪಿ ಅಂಗಡಿಯಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲು ತೆರೆದಾಗ ಎನ್‌ಕೋಡ್ ಎಂಬ ಇಂಗ್ಲಿಷ್ ಕ್ರಿಯಾಪದ ಬರುತ್ತದೆ. ಶಂಕರಘಟ್ಟದ ತರಗತಿಯಲ್ಲಿ ಜೀನ್‌ಗಳ ಪಾಠ ನಡೆಯುವಾಗಲೂ ಬರುತ್ತದೆ. ಸಾಗರದಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನದ ವಿಡಿಯೊ ಕಂಪ್ಯೂಟರಿಗೆ ಹಾಕಿದಾಗ, ಬಿಎಡ್ ವಿದ್ಯಾರ್ಥಿ ನೆನಪಿನ ಮೇಲಿನ ಅಧ್ಯಾಯ ಓದುವಾಗ ಮತ್ತೆ ಅದೇ ಪದ. ನಿಘಂಟು ತೆರೆದರೆ ಸಿಗುವುದು 'ಸಂಕೇತೀಕರಿಸು' ಅಥವಾ 'ಸಂಕೇತ ಭಾಷೆಗೆ ಪರಿವರ್ತಿಸು'. ಇದನ್ನೇ ನಾಲ್ಕೂ ಕಡೆ ಅಂಟಿಸಿದರೆ ಮೂರು ಕಡೆ ಓದುಗರಿಗೆ ಏನೂ ಹೊಳೆಯುವುದಿಲ್ಲ. ಪದದ ಒಳಗಿನ ಕೆಲಸ ಏನು ಎಂಬುದು ಗೊತ್ತಾದರೆ ಮಾತ್ರ ಪ್ರತಿಸಲವೂ ಸರಿಯಾದ ಕನ್ನಡ ತಾನಾಗಿ ಬರುತ್ತದೆ.

ಆ ಕೆಲಸ ಇಷ್ಟು: ಇರುವ ಮಾಹಿತಿಯನ್ನು, ಮೊದಲೇ ಒಪ್ಪಿಕೊಂಡ ಒಂದು ಪಟ್ಟಿಯ ಪ್ರಕಾರ, ಬೇರೆ ರೂಪಕ್ಕೆ ಇಳಿಸುವುದು. ಅದೇ ಪಟ್ಟಿ ತಿಳಿದವರು, ಅಥವಾ ತಿಳಿದ ಯಂತ್ರ, ಅದನ್ನು ಬಿಡಿಸಿ ಓದಬಲ್ಲದು. ಬಚ್ಚಿಡುವುದು ಈ ಪದದ ಉದ್ದೇಶವಲ್ಲ. ಮಾಹಿತಿಯ ಅರ್ಥ ಬದಲಿಸುವುದೂ ಅಲ್ಲ. 'ಕೋಡ್' ಬಂದದ್ದು ಲ್ಯಾಟಿನ್ನಿನ ಕೋಡೆಕ್ಸ್‌ನಿಂದ. ಅದಕ್ಕೆ ಮೊದಲು ಮರದ ಕಾಂಡ ಎಂಬ ಅರ್ಥವಿತ್ತು. ಆಮೇಲೆ ಬರೆಯುವ ಹಲಗೆ, ಹಲಗೆಗಳನ್ನು ಸೇರಿಸಿದ ಪುಸ್ತಕ, ಕಾನೂನಿನ ಸಂಗ್ರಹ ಎಂದು ಅರ್ಥ ಬೆಳೆಯುತ್ತ ಬಂದು ಸಂಕೇತಗಳ ಪಟ್ಟಿ ಎಂಬಲ್ಲಿಗೆ ಮುಟ್ಟಿತು. ಮುಂದೆ 'ಎನ್' ಸೇರಿದರೆ 'ಪಟ್ಟಿಯೊಳಕ್ಕೆ ಹಾಕು' ಎಂದಾಯಿತು. 'ಡಿಕೋಡ್' ಎಂದರೆ ಅಲ್ಲಿಂದ ಹೊರಗೆ ತೆಗೆ.

ಮೊದಲ ಹೆಜ್ಜೆ: ಏನನ್ನು, ಯಾವ ಪಟ್ಟಿಗೆ, ಯಾರಿಗಾಗಿ

ವಾಕ್ಯದಲ್ಲಿ ಎನ್‌ಕೋಡ್ ಕಂಡ ಕೂಡಲೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಏನನ್ನು ಇಳಿಸುತ್ತಿದ್ದಾರೆ? ಯಾವ ಪಟ್ಟಿಯ ಪ್ರಕಾರ? ಬಿಡಿಸಿ ಓದುವವರು ಯಾರು? ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಗಲಿಬಿಲಿಯೆಲ್ಲ ಹುಟ್ಟುವುದು ಅಲ್ಲಿಂದಲೇ.

'ಶಿವಮೊಗ್ಗ' ಎಂಬ ಪದವನ್ನೇ ಹತ್ತಿರದಿಂದ ನೋಡೋಣ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಜಾಗ. ಅದರ ಪ್ರಕಾರ ಶ 3254, ಗುಡಿಸು 3263, ವ 3253, ಮ 3246, ಒಕಾರದ ಚಿಹ್ನೆ 3274, ಗ 3223, ಹಲಂತ 3277, ಮತ್ತೆ ಗ 3223. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಒಳಗಿರುವುದು ಎಂಟು ಸಂಖ್ಯೆ. ಗ್ಗ ಎಂಬ ಒತ್ತಕ್ಷರಕ್ಕೆ ಬೇರೆ ಜಾಗವೇ ಇಲ್ಲ. ಗ, ಹಲಂತ, ಗ ಮೂರೂ ಸಾಲಾಗಿ ನಿಂತರೆ ಫಾಂಟು ಅದನ್ನು ಒತ್ತು ಮಾಡಿ ತೋರಿಸುತ್ತದೆ. ಈ ಸಂಖ್ಯೆಗಳನ್ನು ಫೈಲಿಗೆ ಬರೆಯುವಾಗ ಯುಟಿಎಫ್-8 ಎಂಬ ಇನ್ನೊಂದು ನಿಯಮ ಬಳಸುತ್ತಾರೆ. ಅದರಲ್ಲಿ ಕನ್ನಡದ ಪ್ರತಿ ಸಂಖ್ಯೆಗೂ ಮೂರು ಬೈಟ್. ಹಾಗಾಗಿ ಶಿವಮೊಗ್ಗಕ್ಕೆ 24 ಬೈಟ್. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅದೇ ಹೆಸರಿಗೆ 10 ಬೈಟ್ ಸಾಕು.

ಇದು ಬರೀ ಲೆಕ್ಕದ ಮಾತಲ್ಲ. ಒಂದು ಎಸ್ಸೆಮ್ಮೆಸ್ಸಿನ ಹೊಟ್ಟೆಯಲ್ಲಿ 140 ಬೈಟ್ ಹಿಡಿಯುತ್ತದೆ, ಬೈಟಿಗೆ 8 ಬಿಟ್‌ನಂತೆ 1120 ಬಿಟ್. ಇಂಗ್ಲಿಷಿನಲ್ಲಿ ಅಕ್ಷರಕ್ಕೆ 7 ಬಿಟ್, ಆದ್ದರಿಂದ 160 ಅಕ್ಷರ. ಕನ್ನಡವನ್ನು 16 ಬಿಟ್‌ಗಳ ಪಟ್ಟಿಯಲ್ಲಿ ಎನ್‌ಕೋಡ್ ಮಾಡಬೇಕು, ಆದ್ದರಿಂದ 70 ಮಾತ್ರ, ಅದೂ ಗುಣಿತ, ಹಲಂತ ಎಲ್ಲ ಸೇರಿ. ಸಹಕಾರ ಸಂಘದವರು ಸದಸ್ಯರಿಗೆಲ್ಲ ಕನ್ನಡದಲ್ಲಿ ಸಭೆಯ ಸೂಚನೆ ಕಳಿಸಿದಾಗ ಒಂದು ಸಂದೇಶದ ಬದಲು ಮೂರರ ದುಡ್ಡು ಕತ್ತರಿಸುವುದು ಈ ಕಾರಣಕ್ಕೆ. ತಾಲೂಕಿನ ಹೆಸರನ್ನೋ ತಾರೀಕನ್ನೋ ಚಿಕ್ಕದು ಮಾಡಿ 70ರೊಳಗೆ ತನ್ನಿ. ಆ ಗೆರೆ ದಾಟಿ ಸಂದೇಶ ತುಂಡಾಯಿತೋ, ಪ್ರತಿ ತುಂಡಿನಲ್ಲಿ 67 ಮಾತ್ರ ಹಿಡಿಯುತ್ತದೆ.

ಎರಡನೆಯ ಹೆಜ್ಜೆ: ಹಿಂದೆ ಬರುವ ಪುಟ್ಟ ಪದ ನೋಡಿ

ಇಂಗ್ಲಿಷಿನಲ್ಲಿ ಇದು ಸಕರ್ಮಕ ಕ್ರಿಯಾಪದ, ಕರ್ಮ ಇಲ್ಲದೆ ನಿಲ್ಲುವುದು ಅಪರೂಪ. ಕರ್ಮದ ನಂತರ ಬರುವ ಪ್ರಿಪೊಸಿಷನ್ ಅರ್ಥದ ದಿಕ್ಕು ಹೇಳುತ್ತದೆ. 'ಆಸ್' ಬಂದರೆ ಸಿಕ್ಕ ರೂಪ: 'ಎನ್‌ಕೋಡ್ ದ ಗ್ರೇಡ್ ಆಸ್ ಎ ನಂಬರ್', ಅಂದರೆ ದರ್ಜೆಯನ್ನು ಸಂಖ್ಯೆಯಾಗಿ ಬರೆ. 'ಇನ್' ಬಂದರೆ ಪಟ್ಟಿ ಅಥವಾ ನೆಲೆ: 'ಎನ್‌ಕೋಡೆಡ್ ಇನ್ ಯುಟಿಎಫ್-8', 'ಎನ್‌ಕೋಡೆಡ್ ಇನ್ ಡಿಎನ್‌ಎ'. 'ಇನ್‌ಟು' ಬಂದರೆ ಒಳಹೋಗುವ ಚಲನೆ: ಪಾವತಿ ವಿವರವನ್ನು ಕ್ಯೂಆರ್ ಚೌಕಕ್ಕೆ ಇಳಿಸಿದೆ. 'ವಿತ್' ಬಂದರೆ ಸಾಮಾನ್ಯವಾಗಿ ಉಪಕರಣ ಅಥವಾ ವಿಧಾನ. 'ಫಾರ್' ಬಂದರೆ ಎಚ್ಚರ ಬೇಕು, ಅದರ ಮಾತು ಜೀವವಿಜ್ಞಾನದ ಭಾಗದಲ್ಲಿ ಬರುತ್ತದೆ.

ಉಚ್ಚಾರದಲ್ಲಿ ಒತ್ತು 'ಕೋಡ್' ಮೇಲೆ. ಭೂತರೂಪ ಎನ್‌ಕೋಡೆಡ್, ಕೆಲಸದ ಹೆಸರು ಎನ್‌ಕೋಡಿಂಗ್, ಮಾಡುವ ಯಂತ್ರ ಎನ್‌ಕೋಡರ್. 'ಎನ್‌ಕೋಡಿಂಗ್' ಎಂಬುದು ಕೆಲಸಕ್ಕೂ ಹೆಸರು, ಪಟ್ಟಿಗೂ ಹೆಸರು. 'ವಾಟ್ ಎನ್‌ಕೋಡಿಂಗ್ ಈಸ್ ದಿಸ್ ಫೈಲ್' ಎಂದು ಕೇಳಿದರೆ ಉತ್ತರ ಪಟ್ಟಿಯ ಹೆಸರು.

ಮೂರನೆಯ ಹೆಜ್ಜೆ: ದಾಯಾದಿ ಪದಗಳಿಂದ ಬೇರೆ ಮಾಡಿ

ಎನ್‌ಕ್ರಿಪ್ಟ್ ಜೊತೆ ಆಗುವ ಬೆರಕೆಯೇ ಎಲ್ಲಕ್ಕಿಂತ ಅಪಾಯದ್ದು. ಎನ್‌ಕ್ರಿಪ್ಟ್ ಮಾಡಿದ್ದನ್ನು ಕೀಲಿ ಇಲ್ಲದೆ ತೆರೆಯಲಾಗದು. ಎನ್‌ಕೋಡ್ ಮಾಡಿದ್ದಕ್ಕೆ ಕೀಲಿಯೇ ಇಲ್ಲ, ಪಟ್ಟಿ ಊರಿಗೆಲ್ಲ ಗೊತ್ತು. ಗಾಂಧಿ ಬಜಾರಿನ ಅಂಗಡಿಯಲ್ಲಿ ಅಂಟಿಸಿದ ಯುಪಿಐ ಕ್ಯೂಆರ್ ಚೌಕವನ್ನು ಯಾವ ಮೊಬೈಲು ಬೇಕಾದರೂ ಓದುತ್ತದೆ, ಓದಲೆಂದೇ ಅದನ್ನು ಎನ್‌ಕೋಡ್ ಮಾಡಿರುವುದು. ಬೇಸ್64 ಎಂಬ ವಿಧಾನದಲ್ಲಿ ಪಾಸ್‌ವರ್ಡ್ ಬರೆದಿಟ್ಟರೆ ನೋಡಲು ಗೋಜಲಾಗಿ ಕಾಣುತ್ತದೆ ಅಷ್ಟೆ, ಅರೆಕ್ಷಣದಲ್ಲಿ ಬಿಡಿಸಬಹುದು. ಆದ್ದರಿಂದ ಎನ್‌ಕೋಡ್‌ಗೆ 'ಗೂಢಲಿಪಿಗೆ ಪರಿವರ್ತಿಸು' ಎಂದು ಬರೆಯಲೇಬೇಡಿ. ಸುದ್ದಿಯಲ್ಲಿ ಹೀಗೆ ಬರೆದರೆ ಜನ ಸುರಕ್ಷಿತವಲ್ಲದ್ದನ್ನು ಸುರಕ್ಷಿತ ಎಂದು ನಂಬುತ್ತಾರೆ.

ಉಳಿದ ದಾಯಾದಿಗಳನ್ನು ಊರಿನ ಉದಾಹರಣೆಗಳಿಂದಲೇ ಬಿಡಿಸಬಹುದು. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದ್ದು ಡಿಜಿಟೈಜ್. ಭದ್ರಾವತಿ ಆಕಾಶವಾಣಿಯ ಒಂದು ಸಂದರ್ಶನ ಕೇಳುತ್ತ ಮಾತನ್ನು ಬರಹಕ್ಕೆ ಇಳಿಸಿದರೆ ಟ್ರಾನ್ಸ್‌ಕ್ರೈಬ್. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೆ ಎರಡು ಸಂಪುಟಗಳಿವೆ, 1902ರ ಏಳನೆಯದು ಮತ್ತು 1904ರ ಎಂಟನೆಯದು. ಅವುಗಳಲ್ಲಿ ಶಾಸನಪಾಠ ಕನ್ನಡ ಲಿಪಿಯಲ್ಲಿದೆ, ರೋಮನ್ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ಕಲ್ಲಿನಿಂದ ಕಾಗದಕ್ಕೆ ಬಂದದ್ದು ಟ್ರಾನ್ಸ್‌ಕ್ರೈಬ್, ರೋಮನ್ ಲಿಪಿಗೆ ಹೋದದ್ದು ಟ್ರಾನ್ಸ್‌ಲಿಟರೇಟ್, ಇಂಗ್ಲಿಷಿಗೆ ಹೋದದ್ದು ಟ್ರಾನ್ಸ್‌ಲೇಟ್. ಅದೇ ಶಾಸನಪಾಠವನ್ನು ಇವತ್ತು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ ಅಕ್ಷರಗಳು ಎನ್‌ಕೋಡ್ ಆಗುತ್ತವೆ. 2014ರ ನವೆಂಬರ್ 1ರಂದು ಶಿವಮೊಗ್ಗದ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದು ಎನ್‌ಕೋಡ್‌ಗೆ ಸಂಬಂಧಿಸಿದ್ದಲ್ಲ, ಅದು ಲಿಪ್ಯಂತರದ ತಿದ್ದುಪಡಿ.

ಕನ್ನಡ ಪಠ್ಯ ಕೆಟ್ಟಾಗ: ಕಾಣುವ ಗುರುತಿನಿಂದ ಕಾರಣ ಹಿಡಿಯುವುದು

ಎನ್‌ಕೋಡ್ ಪದ ಮಲೆನಾಡಿನ ಕಚೇರಿ, ಪತ್ರಿಕೆ, ಮುದ್ರಣಾಲಯಗಳಲ್ಲಿ ಹೆಚ್ಚಾಗಿ ಬೇಕಾಗುವುದು ಇಲ್ಲೇ. 'ಫಾಂಟ್ ಹಾಳಾಗಿದೆ' ಎಂದು ಎಲ್ಲದಕ್ಕೂ ಒಂದೇ ಮಾತು ಹೇಳುವ ರೂಢಿ ಇದೆ. ಕೆಡುವ ಬಗೆ ನಾಲ್ಕು, ಮದ್ದೂ ನಾಲ್ಕು.

ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಎನ್‌ಕೋಡಿಂಗ್ ಸರಿಯಾಗಿದೆ, ತೋರಿಸಲು ಫಾಂಟಿಲ್ಲ. ಒಂದು ಯೂನಿಕೋಡ್ ಕನ್ನಡ ಫಾಂಟು ಹಾಕಿದರೆ ಸಾಕು, ಪಠ್ಯವನ್ನು ಮುಟ್ಟಬೇಡಿ.

ತಲೆಯ ಮೇಲೆ ಓರೆಗೀಟಿರುವ ಸಣ್ಣ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲೆ ಏರಿ ಕೂತ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬಂದರೆ: ಫೈಲು ಯುಟಿಎಫ್-8ರಲ್ಲಿದೆ, ಓದುವವರು ವಿಂಡೋಸಿನ ಹಳೆಯ ಪಾಶ್ಚಾತ್ಯ ಪಟ್ಟಿಯಿಂದ ಬಿಡಿಸುತ್ತಿದ್ದಾರೆ. ಕ ಅಕ್ಷರದ ಮೂರು ಬೈಟುಗಳು 224, 178, 149. ಹಳೆಯ ಪಟ್ಟಿಯಲ್ಲಿ 224 ಎಂದರೆ ಆ ಗೀಟಿನ ಎ, 178 ಎಂದರೆ ಪುಟ್ಟ 2. ಕನ್ನಡದ ಪ್ರತಿ ಸಂಖ್ಯೆಯೂ 224ರಿಂದಲೇ ಶುರುವಾಗುವುದರಿಂದ ಅದೇ ಎ ಸಾಲುಸಾಲಾಗಿ ಕಾಣುತ್ತದೆ. ಮಾಹಿತಿ ಎಲ್ಲೂ ಹೋಗಿಲ್ಲ. ಸಿಎಸ್‌ವಿ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲಿನಲ್ಲಿ ತೆರೆದಾಗ ಆಗುವುದು ಬಹುಪಾಲು ಇದೇ. ಹಾಗೆ ತೆರೆಯುವ ಬದಲು ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ 65001 ಯೂನಿಕೋಡ್ ಯುಟಿಎಫ್-8 ಕೊಡಿ. ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, ಸಿಎಸ್‌ವಿ ಯುಟಿಎಫ್-8 ಎಂದೇ ಉಳಿಸಿ. ಗೋಜಲು ಕಂಡ ಸ್ಥಿತಿಯಲ್ಲಿ ಸೇವ್ ಒತ್ತಬೇಡಿ, ತಪ್ಪು ಅಲ್ಲೇ ಗಟ್ಟಿಯಾಗುತ್ತದೆ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಸುದ್ದಿ ಒಳ್ಳೆಯದಲ್ಲ. ಕನ್ನಡಕ್ಕೆ ಜಾಗವೇ ಇಲ್ಲದ ಪಟ್ಟಿಗೆ ಯಾರೋ ಎನ್‌ಕೋಡ್ ಮಾಡಿದ್ದಾರೆ, ಪಟ್ಟಿಯಲ್ಲಿ ಸಿಗದ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಬರೆದುಬಿಟ್ಟಿದೆ. ಆ ಫೈಲಿನಿಂದ ಏನೂ ಮರಳಿ ಬರುವುದಿಲ್ಲ, ಮೂಲ ಫೈಲನ್ನೇ ಕೇಳಿ ತರಿಸಿಕೊಳ್ಳಬೇಕು.

ನಾಲ್ಕನೆಯದು ನುಡಿ, ಬರಹ ಎಂಬ ತಂತ್ರಾಂಶಗಳ ಕಾಲದ ಹಳೆಯ ಫೈಲುಗಳು. 'ಕನ್ನಡ' ಎಂದು ಟೈಪಿಸಿದ್ದ ಕಡೆ ದೊಡ್ಡ ಪಿ, ಗೀಟಿನ ದೊಡ್ಡ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ ಹೀಗೆ ಕಾಣುತ್ತದೆ. ಆ ಫೈಲಿನೊಳಗೆ ಇರುವ ಸಂಖ್ಯೆಗಳು 80, 192, 163, 192, 223, 113, 192. ಯೂನಿಕೋಡಿನಲ್ಲಿ ಇದೇ ಪದ 3221, 3240, 3277, 3240, 3233. ಹಳೆಯ ಪದ್ಧತಿಯಲ್ಲಿ ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು ಎನ್‌ಕೋಡ್ ಮಾಡುತ್ತಿದ್ದರು: ಕ ಅಕ್ಷರದ ಮೈ 80, ತಲೆಕಟ್ಟು 192, ನ ಒತ್ತು 223. ಇಂಗ್ಲಿಷಿನ ದೊಡ್ಡ ಪಿ ಕೂಡ 80ನೇ ಸಂಖ್ಯೆಯೇ. ಅದನ್ನು ಕ ಎಂದು ತೋರಿಸುವುದು ಫಾಂಟಿನ ಕೆಲಸ, ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಪಿ ಮಾತ್ರ ಉಳಿಯುತ್ತದೆ.

ಇಂಥ ಫೈಲನ್ನು ಯೂನಿಕೋಡಿಗೆ ತರುವಾಗ ಮೊದಲು ಪ್ರತಿ ಮಾಡಿಟ್ಟುಕೊಳ್ಳಿ. ಯಾವ ಫಾಂಟಿನಲ್ಲಿದೆ ನೋಡಿ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಪಟ್ಟಿ ಬೇರೆ, ಅದನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಕಸ ಬರುತ್ತದೆ. ಆಮೇಲೆ ಇಂಗ್ಲಿಷ್ ಪದಗಳನ್ನು ಬೇರ್ಪಡಿಸಿ. ಪರಿವರ್ತಕಕ್ಕೆ 80 ಎಂಬ ಸಂಖ್ಯೆ ಮಾತ್ರ ಕಾಣುತ್ತದೆ, ಅದು ಕ ಮೈಯೋ ನಿಜವಾದ ಪಿಯೋ ಎಂಬುದು ತಿಳಿಯದು. ಇಮೇಲ್ ವಿಳಾಸ, ಔಷಧದ ಹೆಸರು ಎಲ್ಲವೂ ಅರೆಬರೆ ಕನ್ನಡವಾಗಿ ಕೆಡುವುದು ಹೀಗೆ. ನುಡಿ ಫಾಂಟಿನ ಭಾಗಗಳನ್ನು ಮಾತ್ರ ಆರಿಸಿ ಪರಿವರ್ತಿಸಿ.

ಪರಿವರ್ತನೆ ಆದಮೇಲೆ ಮೂರು ಜಾಗ ತಪ್ಪದೆ ನೋಡಿ. ಒಂದು, ಅರ್ಕಾವೊತ್ತು. ಸೂರ್ಯ ಎಂಬುದರಲ್ಲಿ ಹಳೆಯ ಪದ್ಧತಿ ಕಣ್ಣಿಗೆ ಕಂಡಂತೆ ಯ ಮೊದಲು ಇಟ್ಟು ಅರ್ಕಾವೊತ್ತನ್ನು ಕೊನೆಗೆ ಇಡುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸಿದಂತೆ ರ, ಹಲಂತ, ಯ. ಪರಿವರ್ತಕ ಕ್ರಮ ತಿರುಗಿಸಲು ತಪ್ಪಿದರೆ ಇಲ್ಲಿ ಕಾಣುತ್ತದೆ. ಎರಡು, ಅನುಸ್ವಾರ. 3202ರ ಸೊನ್ನೆ ಅನುಸ್ವಾರ, 3302ರ ಸೊನ್ನೆ ಕನ್ನಡದ ಅಂಕಿ. ಮುದ್ರಣದಲ್ಲಿ ಎರಡಕ್ಕೂ ಭೇದ ಕಾಣದು, ಹುಡುಕಿದರೆ ಮಾತ್ರ ಸಿಗದು. ಮೂರು, ಕಾಣದ ಅಕ್ಷರಗಳು. 'ಎನ್‌ಕೋಡ್' ಎಂದು ಬಿಡಿಸಿ ಬರೆಯಲು ಹಲಂತಕ್ಕೂ ಕ ಅಕ್ಷರಕ್ಕೂ ನಡುವೆ 8204 ಎಂಬ ಅಗಲವಿಲ್ಲದ ಚಿಹ್ನೆ ಬೇಕು. ಅದಿಲ್ಲದಿದ್ದರೆ ಕ ಒತ್ತಾಗಿ 'ಎನ್ಕೋಡ್' ಆಗುತ್ತದೆ. ಒಂದರಲ್ಲಿ ಎಂಟು ಸಂಖ್ಯೆ, ಇನ್ನೊಂದರಲ್ಲಿ ಏಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಒಂದೇ ದಾಖಲೆಯಲ್ಲಿ ಎರಡು ರೂಪ ಬೆರೆಸಬೇಡಿ. 'ರ‍್ಯಾಂಕ್' ಬರೆಯಲು ಬೇಕಾದದ್ದು 8205, ಅದು ರ ಆದಮೇಲೆ, ಹಲಂತಕ್ಕೆ ಮೊದಲು. ಪರೀಕ್ಷೆ ಸುಲಭ: ದಾಖಲೆಯಲ್ಲಿ ಇದೆ ಎಂದು ಗೊತ್ತಿರುವ ಹತ್ತು ಪದಗಳನ್ನು ಕೀಲಿಮಣೆಯಲ್ಲಿ ಹೊಸದಾಗಿ ಟೈಪಿಸಿ ಹುಡುಕಿ. ಹತ್ತೂ ಸಿಕ್ಕಿದರೆ ಕೆಲಸ ಆಗಿದೆ.

ಈ ಸಂದರ್ಭಕ್ಕೆ ಕನ್ನಡದಲ್ಲಿ 'ಎನ್‌ಕೋಡ್ ಮಾಡು' ಎಂದೇ ಇಟ್ಟುಕೊಳ್ಳುವುದು ಮೇಲು. ಕೆಲಸ ಮಾಡುವವರೆಲ್ಲ ಆಡುವ ಮಾತು ಅದು. ಸಾಮಾನ್ಯ ಓದುಗರಿಗಾದರೆ 'ಸಂಖ್ಯೆಗಳಾಗಿ ಬರೆದಿಡು' ಎನ್ನಿ.

ದತ್ತಾಂಶದಲ್ಲಿ

ಸಮೀಕ್ಷೆ, ಸಂಖ್ಯಾಶಾಸ್ತ್ರದಲ್ಲಿ ಎನ್‌ಕೋಡ್ ಎಂದರೆ ಹೆಸರುಗಳಿಗೆ ಸಂಖ್ಯೆ ಕೊಡುವುದು. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರ್ಜೆಗಳನ್ನು ಗೊರಬಲು 1, ರಾಶಿ 2, ಬೆಟ್ಟೆ 3, ಸರಕು 4 ಎಂದು ಬರೆದರೆ ಅಲ್ಲಿ ಒಂದು ಏರುಕ್ರಮ ಇದೆ, ಗೊರಬಲಿಗೆ ದರ ಕಡಿಮೆ, ಸರಕಿಗೆ ಹೆಚ್ಚು. ಆದರೆ ಜಿಲ್ಲೆಯ ಏಳು ತಾಲೂಕುಗಳಿಗೆ 1ರಿಂದ 7 ಕೊಟ್ಟರೆ ಯಂತ್ರ ಸೊರಬವನ್ನು ಸಾಗರಕ್ಕಿಂತ 'ದೊಡ್ಡದು' ಎಂದು ಎಣಿಸಿ ಲೆಕ್ಕ ಕೆಡಿಸುತ್ತದೆ. ಕ್ರಮವಿಲ್ಲದ ಹೆಸರುಗಳಿಗೆ ತಾಲೂಕಿಗೊಂದು ಕಾಲಂ ಮಾಡಿ, ಹೌದಾದರೆ 1, ಅಲ್ಲವಾದರೆ 0 ಹಾಕಿ. ಯಾವ ಸಂಖ್ಯೆ ಯಾವುದಕ್ಕೆ ಎಂಬ ಪಟ್ಟಿಯನ್ನು ಅದೇ ಫೈಲಿನ ಇನ್ನೊಂದು ಹಾಳೆಯಲ್ಲಿ ಬರೆದಿಡಿ. ಪಟ್ಟಿ ಕಳೆದುಹೋದರೆ ದತ್ತಾಂಶವೂ ಹೋದಂತೆ. ಇಲ್ಲಿ ಕನ್ನಡಕ್ಕೆ 'ಸಂಖ್ಯೆ ಕೊಡು', 'ಸಂಕೇತ ಸಂಖ್ಯೆಗೆ ಇಳಿಸು' ಎರಡೂ ಒಪ್ಪುತ್ತವೆ.

ವಿಡಿಯೊ, ಧ್ವನಿಯಲ್ಲಿ

ಇಲ್ಲಿ ಎನ್‌ಕೋಡ್ ಎಂದರೆ ಕುಗ್ಗಿಸಿ ಬರೆಯುವುದು. ಕಾರಣ ಗಾತ್ರ. 1920 ಅಡ್ಡ 1080 ಚುಕ್ಕೆಗಳ ಚಿತ್ರ, ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 25 ಚಿತ್ರ: ಸೆಕೆಂಡಿಗೆ ಸುಮಾರು 155 ಮೆಗಾಬೈಟ್ ಆಯಿತು. ಎಂಟು ಗಂಟೆಯ ಯಕ್ಷಗಾನದ ಆಟಕ್ಕೆ ಹತ್ತಿರ ಹತ್ತಿರ 4.5 ಟೆರಾಬೈಟ್. ಅದನ್ನೇ ಎಚ್.264 ಎಂಬ ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಎನ್‌ಕೋಡ್ ಮಾಡಿದರೆ 18 ಗಿಗಾಬೈಟ್. ಉಳಿತಾಯ ಬರುವುದು ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗದ್ದನ್ನು ಮತ್ತೆ ಬರೆಯದೆ ಇರುವುದರಿಂದ ಮತ್ತು ಕಣ್ಣು ಗಮನಿಸದ ವಿವರ ಬಿಟ್ಟುಬಿಡುವುದರಿಂದ, ಹೀಗೆ ಬಿಟ್ಟ ವಿವರ ಮರಳಿ ಬರುವುದಿಲ್ಲ. ಹಾಗಾಗಿ ಮೂಲ ಕಡತದಿಂದಲೇ ಸಂಕಲನ ಮಾಡಿ ಒಂದೇ ಸಲ ಎನ್‌ಕೋಡ್ ಮಾಡಿ. ವಾಟ್ಸಾಪಿನಲ್ಲಿ ಬಂದದ್ದನ್ನು ಮತ್ತೆ ಮತ್ತೆ ಎನ್‌ಕೋಡ್ ಮಾಡಿದಷ್ಟೂ ವೇಷದ ಕಸೂತಿ ಕಲಸಿಹೋಗುತ್ತದೆ. ಚಂಡೆಯ ಪೆಟ್ಟಿನಂಥ ಚೂಪು ಶಬ್ದ ಕಡಿಮೆ ಬಿಟ್‌ರೇಟಿನಲ್ಲಿ ಮೊದಲು ಕೆಡುತ್ತದೆ, ಧ್ವನಿಗೆ ಸೆಕೆಂಡಿಗೆ 192 ಕಿಲೋಬಿಟ್ ಆದರೂ ಇಡಿ. ಎಂಪಿ4, ಎಂಕೆವಿ ಎಂಬುವು ಡಬ್ಬಿಗಳ ಹೆಸರು. ಡಬ್ಬಿ ಬದಲಿಸುವುದು ಎನ್‌ಕೋಡ್ ಅಲ್ಲ, ಗುಣಮಟ್ಟವೂ ಇಳಿಯುವುದಿಲ್ಲ.

ಜೀವವಿಜ್ಞಾನದಲ್ಲಿ

'ಎ ಜೀನ್ ಎನ್‌ಕೋಡ್ಸ್ ಎ ಪ್ರೋಟೀನ್.' ಇಲ್ಲಿ ಕರ್ತೃ ಮನುಷ್ಯನಲ್ಲ, ಯಾರೂ ಏನನ್ನೂ 'ಪರಿವರ್ತಿಸುತ್ತಿಲ್ಲ'. ಪ್ರೋಟೀನ್ ಕಟ್ಟುವ ಸೂಚನೆ ಜೀನಿನಲ್ಲಿ ಇದೆ ಎಂಬುದಷ್ಟೇ ಅರ್ಥ. ಪಟ್ಟಿಯೂ ನಿಶ್ಚಿತ: ಮೂರು ಮೂರು ಅಕ್ಷರದ 64 ಪದಗಳು, 61 ಪದಗಳು 20 ಅಮೈನೋ ಆಮ್ಲಗಳಿಗೆ, ಉಳಿದ ಮೂರು 'ನಿಲ್ಲಿಸು' ಎನ್ನಲು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರಿನಲ್ಲಿ ಜಗತ್ತಿಗೆ ಗೊತ್ತಾದ ಮಂಗನ ಕಾಯಿಲೆಯ ವೈರಸ್ಸನ್ನೇ ತೆಗೆದುಕೊಳ್ಳಿ. ಅದರ ಆರ್‌ಎನ್‌ಎ ಸುಮಾರು 11,000 ಅಕ್ಷರಗಳಷ್ಟು ಉದ್ದ. ಅದು ಒಂದೇ ಒಂದು ಉದ್ದನೆಯ ಪ್ರೋಟೀನನ್ನು ಎನ್‌ಕೋಡ್ ಮಾಡುತ್ತದೆ, ಆಮೇಲೆ ಅದು ತುಂಡಾಗಿ ಹತ್ತು ಪ್ರೋಟೀನುಗಳಾಗುತ್ತವೆ. ಕನ್ನಡದಲ್ಲಿ 'ಈ ಆರ್‌ಎನ್‌ಎಯಲ್ಲಿ ಒಂದು ಉದ್ದನೆಯ ಪ್ರೋಟೀನಿನ ಸೂಚನೆ ಅಡಗಿದೆ' ಎಂದರೆ ಸಲೀಸು. 'ಪ್ರೋಟೀನನ್ನು ಸಂಕೇತೀಕರಿಸುತ್ತದೆ' ಎಂದರೆ ಪ್ರೋಟೀನ್ ಮೊದಲೇ ಇತ್ತು, ಅದನ್ನು ಸಂಕೇತ ಮಾಡಲಾಯಿತು ಎಂಬ ತಲೆಕೆಳಗಾದ ಚಿತ್ರ ಬರುತ್ತದೆ.

ಇಂಗ್ಲಿಷಿನಲ್ಲಿ ಬರೆಯುವವರು 'ಕೋಡ್ಸ್ ಫಾರ್' ಅಥವಾ ಬರೀ 'ಎನ್‌ಕೋಡ್ಸ್' ಬಳಸಿ. 'ಎನ್‌ಕೋಡ್ಸ್ ಫಾರ್' ಚಲಾವಣೆಯಲ್ಲಿದ್ದರೂ ಅನೇಕ ಸಂಪಾದಕರು ಅದನ್ನು ಹೊಡೆದುಹಾಕುತ್ತಾರೆ. ಟ್ರಾನ್ಸ್‌ಕ್ರೈಬ್ ಇಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿ ತೆಗೆಯುವುದು, ಟ್ರಾನ್ಸ್‌ಲೇಟ್ ಆರ್‌ಎನ್‌ಎಯಿಂದ ಪ್ರೋಟೀನ್ ಕಟ್ಟುವುದು. ಶಾಸನದ ಅರ್ಥಗಳನ್ನು ಇಲ್ಲಿ ತರಬೇಡಿ.

ನೆನಪಿನಲ್ಲಿ, ಭಾಷೆಯಲ್ಲಿ

ಮನಃಶಾಸ್ತ್ರದ ಎನ್‌ಕೋಡ್ ಎಂದರೆ ಕಂಡದ್ದು ಕೇಳಿದ್ದು ನೆನಪಾಗಿ ಮೂಡುವುದು. ನಂತರದ್ದು ಉಳಿಸುವುದು, ಆಮೇಲಿನದು ನೆನೆಯುವುದು. 'ನೆನಪಿಗೆ ಇಳಿಯುವುದು', 'ಮನಸ್ಸಿನಲ್ಲಿ ಅಚ್ಚಾಗುವುದು' ಎಂದು ಬರೆಯಿರಿ, ಇಲ್ಲಿ ಸಂಕೇತದ ಮಾತೇ ಬೇಡ. ಭಾಷಾ ಕಲಿಕೆಯಲ್ಲಿ ಎನ್‌ಕೋಡ್ ಎಂದರೆ ತನ್ನ ಯೋಚನೆಯನ್ನು ಪರಭಾಷೆಯಲ್ಲಿ ಹೇಳುವುದು, ಡಿಕೋಡ್ ಎಂದರೆ ಪರಭಾಷೆಯದನ್ನು ಅರ್ಥಮಾಡಿಕೊಳ್ಳುವುದು. ನಮಗೆ ಇಂಗ್ಲಿಷ್-ಕನ್ನಡ ನಿಘಂಟು ಡಿಕೋಡ್‌ಗೆ, ಕನ್ನಡ-ಇಂಗ್ಲಿಷ್ ನಿಘಂಟು ಎನ್‌ಕೋಡ್‌ಗೆ.

ವ್ಯಾಕರಣದ ಬರಹಗಳಲ್ಲಿ ಇನ್ನೊಂದು ಬಳಕೆ ಇದೆ, ಕನ್ನಡದವರಿಗೆ ಬಹಳ ಹತ್ತಿರದ್ದು. 'ಕನ್ನಡ ಎನ್‌ಕೋಡ್ಸ್ ಜೆಂಡರ್ ಇನ್ ದ ವರ್ಬ್.' ಬಂದನು, ಬಂದಳು, ಬಂದಿತು: ಬಂದವರು ಯಾರು ಎಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ. ಇಂಗ್ಲಿಷಿನ 'ಕೇಮ್' ಅದನ್ನು ಹೇಳುವುದಿಲ್ಲ. ಸಾಗರದ ಕಡೆಯ ಹವಿಗನ್ನಡದಲ್ಲಿ 'ಅಕ್ಕ ಬಂತು' ಎನ್ನುತ್ತಾರೆ. ಅಲ್ಲಿನ ಕ್ರಿಯಾಪದದಲ್ಲಿ ಹೆಣ್ಣಿಗೂ ನಪುಂಸಕಕ್ಕೂ ಒಂದೇ ಪ್ರತ್ಯಯ, ಅಂದರೆ ಲಿಂಗವನ್ನು ಎನ್‌ಕೋಡ್ ಮಾಡುವ ಪಟ್ಟಿಯೇ ಬೇರೆ. ಇಂಥ ವಾಕ್ಯ ಕನ್ನಡಕ್ಕೆ ಬರುವಾಗ ಕ್ರಿಯಾಪದಕ್ಕೆ 'ಸೂಚಿಸು' ಸಾಕು: 'ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಲಿಂಗವನ್ನು ಸೂಚಿಸುತ್ತದೆ.'